ನರ್ಸಮ್ಮನ ಕಾರಿನ ಸದ್ದು

ಅಪ್ಪಾ,

ಫೋನಿನಲ್ಲಿ ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ?" ಅನ್ನುತ್ತೀರಿ, ಮೆಲ್ಲಗೆ ಹೇಳಿದರೆ "ಗೊಣಗಬೇಡ" ಅನ್ನುತ್ತೀರಿ. ಸಾಕಾಗಿಹೋಗಿ ಗ್ಯಾರೇಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ನರ್ಸಮ್ಮನ ಕಾರು ಬಿಚ್ಚಿದೆ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಶುರುಮಾಡಿದರೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತೆ ಸದ್ದು. ಆಯಿಲ್ ಏರಿದೊಡನೆ ಮಾಯ. ನೀವು ಕಲಿಸಿದಂತೆಯೇ ಉದ್ದ ಸ್ಕ್ರೂಡ್ರೈವರನ್ನು ಮುಂದಿನ ಕವರಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕೇಳಿದೆ. ಸದ್ದು ಅಲ್ಲೇ ಇತ್ತು. ಒಳಗೆ ಟೈಮಿಂಗ್ ಚೈನು ಜೋತುಬಿದ್ದಿತ್ತು, ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದುಹೋಗಿತ್ತು. ಹೀಗೇ ಓಡಿಸಿದ್ದರೆ ಚೈನು ಚಕ್ರದ ಹಲ್ಲು ತಪ್ಪಿ ಇಂಜಿನ್ನೇ ಕೆಡುತ್ತಿತ್ತು.

ಅವರನ್ನು ನೀವು "ಏನೂ ಸದ್ದಿಲ್ಲ, ಹೋಗಮ್ಮ" ಅಂತ ಕಳಿಸುತ್ತಲೇ ಬಂದಿರಿ. ನಾನು ಸದ್ದಿದೆ ಅಂದಿದ್ದಕ್ಕೆ ಅವರೆದುರೇ "ಇಲ್ಲದ ಕಾಯಿಲೆ ಹುಡುಕೋ ಡಾಕ್ಟ್ರು ಬಂದ್ಲು" ಅಂತ ರೇಗಿ ಮನೆಗೆ ಹೋದ ನೀವು ಮತ್ತೆ ಇತ್ತ ತಲೆ ಹಾಕಿಲ್ಲ.

ಹೊಸ ಚೈನು, ಟೆನ್ಷನರ್ ಹಾಕಿದೆ. ಸದ್ದು ನಿಂತಿದೆ. ಕಾರು ಒಯ್ಯುವಾಗ ನರ್ಸಮ್ಮ ಬೈಯಲಿಲ್ಲ. "ನಮ್ಮ ಆಸ್ಪತ್ರೇಲಿ ಸೋಮವಾರ ಕಿವಿ ಡಾಕ್ಟ್ರು ಬರ್ತಾರೆ, ಅಪ್ಪನ್ನ ಕರ್ಕೊಂಡ್ ಬಾ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಒಗೆದ ಅಂಗಿ ತೊಟ್ಟು ಸಿದ್ಧವಾಗಿರಿ. ಬಾಗಿಲಿಗೆ ಚಿಲಕ ಹಾಕಬೇಡಿ. ಮೊನ್ನೆ ಬಂದು ಬಾಗಿಲು ತಟ್ಟಿ ತಟ್ಟಿ ಕೈ ನೋಯಿಸಿಕೊಂಡೆ. ಕಿಟಕಿಯಲ್ಲಿ ಇಣುಕಿದರೆ ನೀವು ಬೆನ್ನು ತಿರುಗಿಸಿ ಕೂತು ಪೇಪರ್ ಓದುತ್ತಿದ್ದಿರಿ. ಸಿಟ್ಟಿಗೇ ಬಾಗಿಲು ತೆಗೆಯಲಿಲ್ಲ ಅಂತ ನಂಬಲು ದಾರಿಯುದ್ದಕ್ಕೂ ಪ್ರಯತ್ನಪಟ್ಟೆ.

ನಿಮ್ಮ ಜಗಳಗಂಟಿ ಮಗಳು