ಲಿಂಬುವಿನ ಮೈಮೇಲೆ ಬರೆ

ಶುಕ್ರವಾರ, 14 ನವೆಂಬರ್ 2025

ಸಿಟ್ಟಿಗೆ ಅಕ್ಷರವೂ ಸೊಟ್ಟಗಾಗುತ್ತಿದೆ. ನನ್ನ ಎರಡೂವರೆ ವರ್ಷದ ಕುದುರೆ, ಮಹಾರಾಣಿ ಲಿಂಬುವಿನ ಮೈಮೇಲೆ ಚಾಟಿಯ ಬರೆ ಎದ್ದಿದೆ.

ಅವಳನ್ನು ಪಳಗಿಸುವ ಅಬ್ಬಾಸಾಕರನ್ನು ಬೆಚ್ಚಿಬೀಳಿಸುವ ಘನ ಉದ್ದೇಶದಿಂದ ಇವತ್ತು ಊರಾಚೆ ಮರುಭೂಮಿಯ ಕಬ್ದ್‌ನಲ್ಲಿರುವ ಲಾಯಕ್ಕೆ ಒಂದು ಗಂಟೆ ಮೊದಲೇ ಹೋಗಿ ಹುಲ್ಲಿನ ರಾಶಿಯ ಹಿಂದೆ ಅಡಗಿದ್ದೆ. ಬೆಚ್ಚಿದ್ದು ನಾನು. ಜೀನು ಕಂಡು ಲಿಂಬು ಹಿಂದೆ ಸರಿದಳು, ಅವರು ಚಾಟಿ ಬೀಸಿದರು.

"ಹೊಡೀಬೇಡಿ ಅಂತ ಹೇಳಿರಲಿಲ್ವಾ?" ಎಂದು ಕಿರುಚಿದೆ.

"ಹೇಳಿದ್ದಿ ಮಾರಾಯ. ಅಣ್ಣ ರಜೆಗೆ ಬರುವಾಗ, ಒಂದೇ ತಿಂಗಳಲ್ಲಿ, ಸವಾರಿ ಮಾಡ್ಬೇಕು ಅಂತಲೂ ನೀನೇ ಹೇಳಿದ್ದಲ್ವಾ? ಮುದ್ದು ಮಾಡಿ ಕಲಿಸ್ಲಿಕ್ಕೆ ವರ್ಷ ಬೇಕು. ಎರಡೂ ಒಟ್ಟಿಗೆ ಹೇಗೆ ಆಗ್ತದೆ?"

ಅವರ ಮೇಲಿನ ಸಿಟ್ಟು ಇಳಿದಿಲ್ಲ, ನನ್ನ ಮೇಲಿನದು ಅದಕ್ಕಿಂತ ಹೆಚ್ಚು. ಅವಳ ಬೆನ್ನ ಮೇಲೆ ಕೂತ ಒಂದು ಫೋಟೋಗಾಗಿ ಅವಸರಪಟ್ಟವನು ನಾನು. ಹೊರಡುವಾಗ ಖರ್ಜೂರ ಹಿಡಿದು ಕೈ ಚಾಚಿದರೆ ಲಿಂಬು ಮುಖ ತಿರುಗಿಸಿದಳು.

ಅಣ್ಣನಿಗೆ ಮೆಸೇಜ್ ಹಾಕಿದ್ದೇನೆ: ಸವಾರಿ ರದ್ದು, ಬಂದರೆ ಲದ್ದಿ ಎತ್ತುವ ಪುಣ್ಯಕಾರ್ಯವಿದೆ. ನಾಳೆಯಿಂದ ಚಾಟಿಯೂ ಇಲ್ಲ, ಜೀನೂ ಇಲ್ಲ. ಅವಳ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ, ಅವಳಾಗಿಯೇ ಹತ್ತಿರ ಬರುವವರೆಗೆ, ಅದಕ್ಕೆ ಎಷ್ಟು ದಿನ ಹಿಡಿದರೂ...