ಮೋಡದ ಎತ್ತರವನ್ನು ಎಲ್ಲಿಂದ ಅಳೆಯಬೇಕು, ಸ್ವಾಮಿ?

ವಿಮಾನಯಾನ ಇಲಾಖೆಯ ಮಾನ್ಯ ವಿಚಾರಣಾಧಿಕಾರಿಗಳೇ,

ಮಾರ್ಚ್ ಹದಿನಾಲ್ಕರ ಹಾರಾಟದ ಬಗೆಗಿನ ನಿಮ್ಮ ಆದೇಶದಲ್ಲಿ ತಪ್ಪಿತಸ್ಥನೆಂದು ಬೇರೆ ಯಾರದೋ ಹೆಸರಿದೆ. ಅಲ್ಲಿ ಇರಬೇಕಾದದ್ದು ನನ್ನ ಹೆಸರು. ಇದನ್ನು ತಿಳಿಸಲು ಇಂಗ್ಲಿಷಿನಲ್ಲಿ ಮೂರು ಸಲ, ಹಿಂದಿಯಲ್ಲಿ ಒಂದು ಸಲ ಬರೆದೆ. ಉತ್ತರವಿಲ್ಲ. ಹಾಗಾಗಿ ಈ ಸಲ ದೆಹಲಿಯ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ಉತ್ತರ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಪರಭಾಷೆಯಲ್ಲಿ ತಿಣುಕುವುದೇಕೆ? ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಯಾರಾದರೂ ಇದ್ದರೆ ಅವರಿಗೊಂದು ಚಹಾ ಕುಡಿಸಿ ಓದಿಸಿಕೊಳ್ಳಿ.

ನಾನು ವಾಯುಪಡೆಯಲ್ಲಿ ಇಪ್ಪತ್ತನಾಲ್ಕು ವರ್ಷ ಹವಾಮಾನ ವೀಕ್ಷಕನಾಗಿದ್ದವನು. ಗಂಟೆಗೊಮ್ಮೆ ಹೊರಗೆ ಬಂದು ನಿಂತು, ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಎಷ್ಟು ಪಾಲು ಮೋಡವಿದೆ, ಅದರ ತಳ ನೆಲದಿಂದ ಎಷ್ಟು ಅಡಿ ಮೇಲಿದೆ ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೆ, ದೆಹಲಿಯಿಂದ ಬೆಟ್ಟದೂರುಗಳಿಗೆ ಒಂಬತ್ತು ಸೀಟಿನ ಬಾಡಿಗೆ ವಿಮಾನ ಹಾರಿಸುವ ಪುಟ್ಟ ಕಂಪನಿಯೊಂದರಲ್ಲಿ ಹಾರಾಟ ಯೋಜನೆಯ ಮೇಜಿಗೆ ಸೇರಿದೆ. ದಾರಿ, ಇಂಧನ, ಹವೆ ಎಲ್ಲವನ್ನೂ ನೋಡಿ ಕಾಗದಕ್ಕೆ ರುಜು ಹಾಕುವವನು ನಾನು. ಆ ರುಜು ಇಲ್ಲದೆ ವಿಮಾನ ಕದಲುವಂತಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೋದ ಡಿಸೆಂಬರಿನಲ್ಲಿ ನಮ್ಮ ಮೇಜಿಗೆ ಹೊಸ ತಂತ್ರಾಂಶ ಬಂತು. ತಮ್ಮ ಕಚೇರಿಯೇ ಒಪ್ಪಿಗೆಯ ಮುದ್ರೆ ಒತ್ತಿದ್ದು. ನೋಡಲು ಬಹಳ ಚೆಂದ, ಮೋಡಗಳಿಗೂ ಬಣ್ಣ ಬಳಿದಿದ್ದರು. ಅದರಲ್ಲಿ ‘ಮೋಡದ ತಳ, ಅಡಿಗಳಲ್ಲಿ’ ಎಂಬ ಒಂದು ಸಾಲು. ಆ ಸಾಲಿನಲ್ಲಿ ಎರಡು ಅಂಕಿ: ಒಂದು ಈಗಿನ ವೀಕ್ಷಣೆ, ಇನ್ನೊಂದು ವಿಮಾನ ಮುಟ್ಟುವ ಹೊತ್ತಿನ ಮುನ್ಸೂಚನೆ. ವೀಕ್ಷಣೆ ಎಂದರೆ ಅಲ್ಲಿನ ನಿಲ್ದಾಣದಲ್ಲಿ ನನ್ನಂಥವನೊಬ್ಬ ಕತ್ತೆತ್ತಿ ನೋಡಿ ಬರೆದದ್ದು. ಅವನು ತಾನು ನಿಂತ ನೆಲದಿಂದ ಅಳೆಯುತ್ತಾನೆ. ಮುನ್ಸೂಚನೆಯ ಅಂಕಿಯನ್ನು ಕಂಪ್ಯೂಟರ್ ಕೊಡುತ್ತದೆ. ಅದಕ್ಕೆ ನಿಲ್ಲಲು ನೆಲವಿಲ್ಲ, ಹಾಗಾಗಿ ಸಮುದ್ರ ಮಟ್ಟದಿಂದ ಅಳೆಯುತ್ತದೆ. ಎರಡೂ ಸರಿಯೇ. ಆದರೆ ಯಾವುದು ಎಲ್ಲಿಂದ ಎಂಬುದನ್ನು ಪರದೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ನಿಮ್ಮ ಕಚೇರಿ ಎಷ್ಟನೇ ಮಹಡಿ ಎಂದು ಕೇಳಿದರೆ ಸಮುದ್ರದಿಂದ ಎಣಿಸಿ ಹೇಳುತ್ತೀರಾ? ಕಡಲ ತೀರದ ಊರಿನಲ್ಲಾದರೆ ಹೇಗೋ ನಡೆಯುತ್ತದೆ. ನಾವು ಹೋಗುವ ನಿಲ್ದಾಣ ಇರುವುದೇ ಐದು ಸಾವಿರ ಅಡಿ ಎತ್ತರದಲ್ಲಿ.

ಮೊದಲ ವಾರವೇ ಇದು ನನ್ನ ಕಣ್ಣಿಗೆ ಬಿತ್ತು, ನಿಮ್ಮ ಕಚೇರಿಗೆ ಪತ್ರ ಬರೆದೆ. ಅದಕ್ಕೂ ಉತ್ತರವಿಲ್ಲ. ಅಲ್ಲಿಂದ ಮುಂದೆ ಪ್ರತಿ ಪ್ರಿಂಟ್‌ಔಟಿನ ಅಂಚಿನಲ್ಲಿ ‘ನೆಲ’, ‘ಸಮುದ್ರ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಸಮುದ್ರದ ಅಂಕಿಯಿಂದ ಐದು ಸಾವಿರ ಕಳೆದು, ಪೈಲಟ್‌ಗಳಿಗೆ ಕೊಡುತ್ತಿದ್ದೆ. ತಪಾಸಣೆಗೆ ಬಂದ ನಿಮ್ಮ ಸಿಬ್ಬಂದಿ, ಅಧಿಕೃತ ಕಾಗದದ ಮೇಲೆ ಕೈಬರಹ ಕೂಡದು ಎಂದು ಷರಾ ಬರೆದು ಹೋದರು. ಎಂಥ ಶಿಸ್ತು, ಸ್ವಾಮಿ. ಆದರೂ ನಾನು ಕದ್ದುಮುಚ್ಚಿ ಬರೆಯುತ್ತಲೇ ಇದ್ದೆ. ಒಂದು ದಿನ ಮಾತ್ರ ಬರೆಯಲಿಲ್ಲ.

ಅದೇಕೆಂದು ಹೇಳಬೇಕಾದರೆ ನನ್ನ ಮನೆಯ ವಿಷಯ ಹೇಳಬೇಕು. ನನ್ನ ಹೆಂಡತಿ ವೈಜಯಂತಿ ತೀರಿಕೊಂಡು ಎರಡು ವರ್ಷವಾಯಿತು. ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಇನ್ನೂರು ಮನೆಗಳಿವೆ. ಗೇಟಿನ ಗಾರ್ಡು ಭಯ್ಯಾ ನಮಸ್ತೆ ಹೇಳುತ್ತಾನೆ, ತರಕಾರಿ ಭಯ್ಯಾ ‘ಬಸ್ ಇತ್ನಾ ಹೀ?’ ಎಂದು ಕೇಳುತ್ತಾನೆ. ಒಬ್ಬನಿಗೆ ಎಷ್ಟು ತರಕಾರಿ ಬೇಕು? ಭಾನುವಾರ ಸಂಜೆಯಾದರೆ ಇಡೀ ದಿನ ಒಂದು ಕನ್ನಡ ಪದವನ್ನೂ ಆಡಿಲ್ಲವೆಂಬುದು ನೆನಪಾಗುತ್ತದೆ. ಆಗ ಅಡುಗೆಮನೆಯಲ್ಲಿ ನಿಂತು ‘ಉಪ್ಪು ಸಾಕಾ?’ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದು ನನ್ನ ಸಾಕ್ಷ್ಯದ ಭಾಗ.

ನೀವು ಶಿಕ್ಷಿಸಿರುವ ಪೈಲಟ್ ಸಾಕೇತ್‌ಗೆ ಇಪ್ಪತ್ತೇಳು ವರ್ಷ. ಸೈನಿಕನ ಮಗ, ಬೆಳೆದದ್ದೆಲ್ಲ ದೆಹಲಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಆಡಲು ತಡವರಿಸುತ್ತಾನೆ. ಸೋಮವಾರಪೇಟೆಯಲ್ಲಿರುವ ಅಜ್ಜಿಯೊಂದಿಗೆ ಫೋನಿನಲ್ಲಿ ಸರಿಯಾಗಿ ಮಾತಾಡಬೇಕೆಂಬ ಆಸೆಯಿಂದ ಹಾರಾಟಕ್ಕೆ ಅರ್ಧ ಗಂಟೆ ಮೊದಲೇ ಬಂದು ನನ್ನ ಮುಂದೆ ಕೂರುತ್ತಿದ್ದ. ಆ ಅರ್ಧ ಗಂಟೆಗೆ ನಾನು ಹಿಂದಿನ ದಿನದಿಂದಲೇ ಕಾಯುತ್ತಿದ್ದೆ.

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಅವನು ಕೇಳಿದ: “ಅಂಕಲ್, ಅಜ್ಜಿಗೆ ‘ನಾನು ಬರ್ತಾ ಇದೀನಿ’ ಅಂದ್ರೆ ಸಾಕಾ?”

“ಸಾಕು. ಆದ್ರೆ ‘ನಿಮ್ಮನ್ನ ನೋಡ್ಬೇಕು ಅನ್ಸಿದೆ’ ಅಂತ ಸೇರಿಸು. ಅಜ್ಜಿಗೆ ಬೇಕಾಗಿರೋದು ಅದು.”

“ಅಚ್ಛಾ. ನಿಮ್ಮನ್ನ ನೋಡ್ಬೇಕು ಅನ್ಸಿದೆ.”

ಮೂರು ಸಲ ಹೇಳಿಸಿದೆ. ಅವನು ತಪ್ಪು ಹೇಳಿದನೆಂದಲ್ಲ. ನನಗೆ ಕೇಳಬೇಕು ಅನ್ನಿಸಿತು.

ಆಮೇಲೆ ಅವನು ಪ್ರಿಂಟ್‌ಔಟ್ ನೋಡಿ, “ಈಗ ಎರಡೂವರೆ ಸಾವಿರ ಇದೆ, ನಾವು ರೀಚ್ ಆಗೋ ಹೊತ್ತಿಗೆ ಆರೂವರೆ ಸಾವಿರ. ಮೋಡ ಮೇಲೆ ಹೋಗ್ತಿದೆ ಅಂಕಲ್. ಚಲೋ, ಬಢಿಯಾ,” ಎಂದ. ನಾನು “ಹ್ಞೂಂ” ಎಂದು ರುಜು ಹಾಕಿದೆ. ಪೆನ್ಸಿಲ್ ಡಬ್ಬಿಯಲ್ಲೇ ಇತ್ತು.

ಆರೂವರೆ ಸಾವಿರದಲ್ಲಿ ಐದು ಸಾವಿರ ಕಳೆಯಿರಿ. ಮೋಡ ನೆಲದಿಂದ ಬರೀ ಒಂದೂವರೆ ಸಾವಿರ ಅಡಿಗೆ ಇಳಿಯಲಿತ್ತು. ಆ ನಿಲ್ದಾಣದ ಸುತ್ತಲಿನ ಬೆಟ್ಟಗಳು ನೆಲದಿಂದ ಎರಡು ಸಾವಿರ ಅಡಿ ಎದ್ದಿವೆ. ಮೋಡ ಮೇಲೇರುತ್ತಿದೆ ಎಂದು ನಾನು ಕಳುಹಿಸಿದ ಹುಡುಗ, ಏಳು ಪ್ರಯಾಣಿಕರೊಂದಿಗೆ, ಬೆಟ್ಟದ ತಲೆಗಳನ್ನು ನುಂಗಿದ ಮೋಡದ ಅಡಿಗೆ ಹೋದ. ಕಣಿವೆಯಲ್ಲಿ ಮೋಡ ಮುಚ್ಚಿಕೊಂಡಿತು. ಅವನು ವಿಮಾನ ಮೇಲೆತ್ತಿ, ತಿರುಗಿಸಿ, ದೆಹಲಿಗೆ ವಾಪಸು ತಂದ. ಯಾರಿಗೂ ಒಂದು ತರಚು ಗಾಯವಿಲ್ಲ. ಇಳಿದವನೇ ಫೋನ್ ಮಾಡಿದ. “ಮರಗಳು ಕಾಣಿಸಿದ್ವು ಅಂಕಲ್. ಪಕ್ಕದಲ್ಲಿ. ಕೆಳಗಲ್ಲ,” ಎಂದಷ್ಟೇ ಹೇಳಿ ಫೋನಿಟ್ಟ.

ಪ್ರಯಾಣಿಕರೊಬ್ಬರು ದೂರು ಕೊಟ್ಟರು, ತಾವು ವಿಚಾರಣೆ ನಡೆಸಿದಿರಿ. ಆ ದಿನ ನಾನೂ ಪ್ರಿಂಟ್‌ಔಟ್ ಹಿಡಿದು ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಹತ್ತರಿಂದ ನಾಲ್ಕರವರೆಗೆ ಕೂತಿದ್ದೆ. ನಿಮ್ಮ ಜವಾನ ಬಂದು, “ಅಂಕಲ್‌ಜೀ, ಲಿಸ್ಟ್ ಮೇ ಆಪ್ ಕಾ ನಾಮ್ ನಹೀ ಹೈ,” ಎಂದ. ನನ್ನ ರುಜು ಇರುವುದು ಮೂರನೇ ಪುಟದಲ್ಲಿ. ನಿಮ್ಮ ಕಡತದಲ್ಲಿ ಮೊದಲೆರಡು ಪುಟಗಳ ಜೆರಾಕ್ಸ್ ಮಾತ್ರ ಇದೆಯಂತೆ. ಒಂದು ಪುಟ ತಿರುವಿ ಹಾಕುವ ಪುರಸೊತ್ತೂ ಇರಲಿಲ್ಲವೇ? ‘ಪೈಲಟ್ ಮುನ್ಸೂಚನೆಯನ್ನು ಅರ್ಥ ಮಾಡಿಕೊಳ್ಳುವಲ್ಲಿ ವಿಫಲನಾಗಿದ್ದಾನೆ’ ಎಂದು ಬರೆದು ಒಂದು ವರ್ಷ ಅವನ ಲೈಸೆನ್ಸ್ ಅಮಾನತು ಮಾಡಿದಿರಿ. ಇಪ್ಪತ್ತನಾಲ್ಕು ವರ್ಷ ಮೋಡ ಎಣಿಸಿದವನು ಎಡವಿದ ಜಾಗದಲ್ಲಿ ಅವನಿಗೆ ಶಿಕ್ಷೆ.

ಅವನು ಕೋಣೆಯಿಂದ ಹೊರಬಂದಾಗ ನನ್ನ ಹೆಗಲು ಮುಟ್ಟಿ, “ನಿಮ್ಮ ಹೆಸರು ನಾನು ಹೇಳಿಲ್ಲ ಅಂಕಲ್. ಟೆನ್ಷನ್ ಮಾಡ್ಕೋಬೇಡಿ,” ಎಂದ. ನಮ್ಮ ಮ್ಯಾನೇಜರು “ಬಚ್ ಗಯೇ ಆಪ್” ಎಂದು ಕೈಕುಲುಕಿದರು. ನಾನು ಬಚಾವಾಗಿ ಎರಡು ತಿಂಗಳಾಯಿತು. ಎದುರಿನ ಕುರ್ಚಿ ಖಾಲಿ ಇದೆ. ಅವನು ಬರುವುದಿಲ್ಲ, ನಾನು ಫೋನ್ ಮಾಡಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?

ಆದ್ದರಿಂದ ನನ್ನ ಬೇಡಿಕೆ. ಆ ತಂತ್ರಾಂಶದಲ್ಲಿ ಒಂದು ಅಂಕಿಯ ಪಕ್ಕ ‘ನೆಲದಿಂದ’, ಇನ್ನೊಂದರ ಪಕ್ಕ ‘ಸಮುದ್ರ ಮಟ್ಟದಿಂದ’ ಎಂದು ಬರೆಸಿ. ಅಧಿಕೃತವಾಗಿ, ಅಚ್ಚಿನಲ್ಲೇ. ಮತ್ತು ನಿಮ್ಮ ಆದೇಶದಿಂದ ಸಾಕೇತ್‌ನ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಮೂರನೇ ಪುಟದ ಪ್ರತಿಯನ್ನು ಐದನೇ ಸಲ ಲಗತ್ತಿಸಿದ್ದೇನೆ.

ಸ್ವಲ್ಪ ಬೇಗ ಮಾಡಿ, ಮಾನ್ಯರೇ. ನಾನು ಆ ಹುಡುಗನಿಗೆ ಫೋನ್ ಮಾಡಬೇಕು. ಅಜ್ಜಿಗೆಂದು ಅವನಿಂದ ಮೂರು ಸಲ ಹೇಳಿಸಿದ ಮಾತನ್ನೇ ನಾನು ಅವನಿಗೆ ಒಂದು ಸಲ ಹೇಳಬೇಕು. ನೀವು ಆ ಹೆಸರನ್ನು ತಿದ್ದುವವರೆಗೆ ಅದು ನನ್ನ ಬಾಯಿಂದ ಹೊರಡುವುದಿಲ್ಲ.

ಇಂತಿ,
ರುಜು ಹಾಕಿದವನು,
ಇಂದುಶೇಖರ
ನೋಯ್ಡಾ, ಜೂನ್ 2007
(ನೆಲದಿಂದ ನಲವತ್ತು ಅಡಿ, ಸಮುದ್ರ ಮಟ್ಟದಿಂದ ಸುಮಾರು ಏಳುನೂರು ಅಡಿ ಎತ್ತರದಲ್ಲಿ, ಒಬ್ಬನೇ)