ಹೊಟ್ಟೆಯ ಒತ್ತಡ ಅಳೆಯದ ಆಸ್ಪತ್ರೆಗೆ ತಂಗಿಯನ್ನೂ ಕಳಿಸಬೇಕೆ?

ಬಿಟ್ಟಂಗಾಲ, 9 ಡಿಸೆಂಬರ್ 2025. ಜುಲೈನಲ್ಲಿ ನನ್ನ ಗಂಡ ಧರ್ಮೇಂದ್ರ ಅವರಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಯಿತು. ಹೃದಯ ಈಗ ಸರಿಯಾಗಿದೆ. ಮೂತ್ರಪಿಂಡಗಳು ಹೋಗಿವೆ.

ಸರ್ಕಾರಿ ಆರೋಗ್ಯ ಯೋಜನೆಯ ರೋಗಿಗಳು ಯಾವ ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡನನ್ನು ಆ ಆಸ್ಪತ್ರೆಗೆ ಕಳಿಸಿದ್ದು ನೀವು. ಆಪರೇಷನ್ನಿನ ಮರುದಿನ ಅವರ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು, ಮೂತ್ರ ನಿಂತಿತ್ತು. ಅವರು ಕಾಫಿ ತೋಟದಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವವರು. ನಮ್ಮ ಕೊಡಗಿನ ಕಡೆಯವರೇ ಆದ ಸಿಸ್ಟರ್ ಅವರ ಕೆಲಸ ಕೇಳಿ ನಕ್ಕರು.

"ರೈಟರ್ ಹೊಟ್ಟೆ ಅಲ್ವ ಅಕ್ಕ? ನಮ್ಮೂರಲ್ಲಿ ಯಾವ ರೈಟರಿಗೆ ಇಲ್ಲ ಹೇಳಿ!"

"ನಿನ್ನೆ ಇರ್ಲಿಲ್ಲ ಸಿಸ್ಟರ್."

"ಗ್ಯಾಸ್ ಇರ್ತದೆ, ಹೋಗ್ತದೆ."

ರೈಟರ್ ಹೊಟ್ಟೆ, ಅಂದರೆ ಕೂತು ಬರೆಯುವವರ ಬೊಜ್ಜು, ಕೊಡಗಿನ ತೋಟಗಳ ಹಳೆಯ ತಮಾಷೆ. ಅದು ರೋಗನಿರ್ಣಯವೂ ಹೌದೆಂದು ಅಲ್ಲಿ ಕಲಿತೆ. ದೊಡ್ಡ ಡಾಕ್ಟರು ಬಂದು ನೋಡುವಾಗ ಹೊತ್ತು ಮೀರಿತ್ತು. ಹೃದಯದ ಆಪರೇಷನ್ನಿನಲ್ಲಿ ಕೊಟ್ಟ ದ್ರವ ಕೆಲವರ ಕರುಳಿನಲ್ಲಿ ತುಂಬಿ, ಹೊಟ್ಟೆಯೊಳಗಿನ ಒತ್ತಡ ಏರಿ, ಮೂತ್ರಪಿಂಡಗಳಿಗೆ ರಕ್ತ ಹೋಗುವುದು ನಿಲ್ಲುತ್ತದಂತೆ. ಒತ್ತಡ ಅಳೆಯಲಿಲ್ಲವೇ ಎಂದೆ. ಅಲ್ಲಿ ಅಳೆಯುವ ರೂಢಿಯಿಲ್ಲವಂತೆ.

ರೂಢಿ ಇರುವ ಕಡೆಯೂ ಇದೆ. ಪಕ್ಕದ ಮನೆಯ ಗಿರಿಗೆ ಆಗಸ್ಟಿನಲ್ಲಿ ಕೇರಳದಲ್ಲಿ ಇದೇ ಆಪರೇಷನ್ ಆಯಿತು, ಇದೇ ತೊಂದರೆಯೂ ಬಂತು. ಮೂತ್ರಕ್ಕೆ ಹಾಕಿದ್ದ ನಳಿಗೆಯ ಮೂಲಕವೇ ಅಲ್ಲಿ ಒತ್ತಡ ಅಳೆಯುತ್ತಿದ್ದರು. ಏರಿದ್ದು ತಿಳಿದೊಡನೆ ಹೊಟ್ಟೆ ತೆರೆದು ಒತ್ತಡ ಇಳಿಸಿದರು, ಮೂತ್ರಪಿಂಡಗಳು ಉಳಿದವು. ಈ ಸಲದ ಪುತ್ತರಿ ಸುಗ್ಗಿ ಹಬ್ಬಕ್ಕೆ ಗಿರಿ ಗದ್ದೆಗಿಳಿದು ಕದಿರು ಕೊಯ್ದ. ನನ್ನ ಗಂಡ ವಿರಾಜಪೇಟೆಯಲ್ಲಿ ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದರು.

"ಇವ್ರ ಹೊಟ್ಟೆ ಮೇಲೆ ಇಷ್ಟುದ್ದ ಗೆರೆ ಅಕ್ಕ, ನೋಡೋಕೇ ಆಗಲ್ಲ" ಎಂದು ಅವನ ಹೆಂಡತಿ ಸುಮಿತಾ ಗೋಳಾಡುತ್ತಾಳೆ. ನನಗೆ ಆಗುತ್ತದೆ. ಕಣ್ಣು ಕೀಳದೆ ನೋಡಿದ್ದೇನೆ. ಅಂಥದೊಂದು ಗೆರೆ ನಮ್ಮ ಮನೆಯಲ್ಲೂ ಇರಬೇಕಿತ್ತು. ಅಸೂಯೆಯೇ? ಹೌದು. ಗಿರಿ ಚೊಂಬೆತ್ತಿ ಗಟಗಟ ನೀರು ಕುಡಿದರೂ ನನಗೆ ಉರಿಯುತ್ತದೆ. ನಮ್ಮವರಿಗೆ ನೀರೂ ಅಳತೆಯಲ್ಲಿ. ಅದನ್ನು ಅಳೆಯಲು ಮಾತ್ರ ನಿಮ್ಮ ಆಸ್ಪತ್ರೆ ನನಗೆ ಚೆನ್ನಾಗಿ ಕಲಿಸಿ ಕಳಿಸಿದೆ. ಸುಮಿತಾ ಮಾಡಿದ ಯಾವ ಪುಣ್ಯವನ್ನು ನಾನು ಮಾಡಲಿಲ್ಲ? ಅವಳು ಗಡಿ ದಾಟಿದಳು, ನಾನು ನಿಮ್ಮನ್ನು ನಂಬಿದೆ, ಅಷ್ಟೇ.

ಈಗ ನನ್ನ ತಂಗಿ ಅನುಶ್ರೀಗೂ ಕವಾಟ ಕೆಟ್ಟಿದೆ. ಬರುವ ಸೋಮವಾರ ದಾಖಲಾಗಲು ನೀವು ಬರೆದುಕೊಟ್ಟದ್ದು ಅದೇ ಆಸ್ಪತ್ರೆ. ಅಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರ ಹೊಟ್ಟೆಯ ಒತ್ತಡ ಅಳೆಯುವಂತೆ ಆದೇಶಿಸಿ, ಇಲ್ಲವೇ ಅವಳನ್ನು ಅಳೆಯುವ ಕಡೆ ಕಳಿಸಿ.

ನಿಮ್ಮ ಉತ್ತರಕ್ಕಾಗಿ ಅವಳನ್ನು ಕಾಯಿಸುವುದಿಲ್ಲ. ಸುಮಿತಾಳ ಮನೆಗೆ ಹೋಗಿ, ಕೇರಳದ ಆ ಡಾಕ್ಟರ ನಂಬರನ್ನು ಬೇಡಿ ಪಡೆಯುವುದೆಂದು ನಿರ್ಧರಿಸಿದ್ದೇನೆ. ಇನ್ನೂ ಹೋಗಿಲ್ಲ.

ಇಂತಿ,
ಪಕ್ಕದ ಮನೆಯ ಅದೃಷ್ಟವನ್ನು ದಿನವೂ ನೋಡುತ್ತಿರುವ
ಪೊನ್ನಮ್ಮ